ಹುಲ್ಲಿನಲ್ಲಡಗಿದ ಸಕ್ಕರೆ

ಅಕ್ಕಿಯ ಕಾಳಿನಲ್ಲಿರುವ ಪಿಷ್ಟವೂ ಅದೇ ಪೈರಿನ ಹುಲ್ಲಿನಲ್ಲಿರುವ ನಾರೂ ಒಂದೇ ಸಕ್ಕರೆಯಿಂದಾದವುಗಳೆಂದರೆ ನಮ್ಮ ವಾಚಕರಲ್ಲಿ ಹಲವರಿಗೆ ಆಶ್ಚರ್ಯವಾದೀತು. ಎರಡರಲ್ಲಿಯೂ ಇರುವುದು ಗ್ಲೂಕೋಸೇ. ಭೇದವೆಲ್ಲವೂ ಕಣಕ್ಕೂ ಕಣಕ್ಕೂ ನಡುವಣ ಸಂಧಿಯಲ್ಲಿದೆ. ವ್ಯಾಕರಣವನ್ನು ಪಾಠ ಹೇಳಿದ ನಮಗೆ ಇದು ಅಷ್ಟು ವಿಚಿತ್ರವೆನಿಸಲಿಲ್ಲ. ಪಿಷ್ಟದ ಸಂಧಿಯನ್ನು ಬಿಡಿಸತಕ್ಕ ಕಿಣ್ವವು ನಮ್ಮ ಉಗುಳಿನಲ್ಲಿಯೇ ಉಂಟು. ನಾರಿನ, ಎಂದರೆ ಸೆಲ್ಯುಲೋಸಿನ, ಸಂಧಿಯನ್ನು ಬಿಡಿಸುವ ಕಿಣ್ವವು ಮನುಷ್ಯನ ದೇಹದಲ್ಲಿ ಹುಟ್ಟುವುದಿಲ್ಲ. ಹಸುವಿಗೂ ಅದು ಸ್ವಂತದ್ದಲ್ಲ. ಅದರ ಹೊಟ್ಟೆಯಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡಿಕೊಡುತ್ತವೆ.

ಈ ವಿದ್ಯೆಯಲ್ಲಿ ಅತಿ ನಿಪುಣವಾದ ಬೂಷ್ಟೊಂದು ಬೆಳಕಿಗೆ ಬಂದುದು ಯುದ್ಧಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳೂ ಉಡುಪುಗಳೂ ಕೊಳೆತು ಹರಿದುಹೋಗುತ್ತಿದ್ದವು. ಕಾರಣವನ್ನು ಹುಡುಕಿದಾಗ ಸಿಕ್ಕಿದ ಶಿಲೀಂಧ್ರಗಳಲ್ಲಿ ಒಂದಕ್ಕೆ ಸೈನ್ಯದ ಸರಬರಾಜು ಇಲಾಖೆಯವರು ಕ್ಯೂ.ಎಂ. 6ಎ ಎಂದು ಗುರುತಿಟ್ಟರು. ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಎಂಬ ವಿಜ್ಞಾನಿಗಳು ಇದನ್ನು ಬಹುಕಾಲ ವ್ಯಾಸಂಗಮಾಡಿದರು. 1977ರಲ್ಲಿ ರೀಸರ ಹೆಸರಿನಿಂದಲೇ ಇದಕ್ಕೆ ಟ್ರೈಕೋಡರ್ಮಾ ರೀಸೈ ಎಂಬ ನಾಮಕರಣವಾಯಿತು. ಡೇರೆಯನ್ನು ತಿಂದ ಕಳ್ಳನನ್ನೇ ಕಾರ್ಖಾನೆಯ ಕೆಲಸಕ್ಕೆ ಇಟ್ಟುಕೊಂಡಂತಾಯಿತು!

ಈ ಬೂಷ್ಟು ಮೂರು ಬಗೆಯ ಕಿಣ್ವಗಳನ್ನು ಹೊರಕ್ಕೆ ಸ್ರವಿಸುತ್ತದೆ. ಒಂದು ನಾರಿನ ಎಳೆಯನ್ನು ನಡುವೆ ಕತ್ತರಿಸುತ್ತದೆ. ಇನ್ನೊಂದು ತುದಿಯಿಂದ ಎರಡೆರಡು ಕಣಗಳ ಜೋಡಿಯನ್ನು ಕಳಚುತ್ತ ಹೋಗುತ್ತದೆ. ಮೂರನೆಯದು ಆ ಜೋಡಿಯನ್ನು ಒಡೆದು ಗ್ಲೂಕೋಸನ್ನು ಕೊಡುತ್ತದೆ. ಆದರೆ ಇವುಗಳಿಗೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖವೇ ಹಿತ. ಅದಕ್ಕಿಂತ ಬಹಳ ಮೇಲಕ್ಕೇರಿದರೆ, ಮೊಟ್ಟೆಯ ಬಿಳಿಯು ಬೆಂದು ಗಟ್ಟಿಯಾಗುವಂತೆ, ಇವು ತಮ್ಮ ಆಕಾರವನ್ನು ಕಳೆದುಕೊಂಡು ಕೆಲಸಕ್ಕೆ ಬಾರದಾಗುತ್ತವೆ. ಕಾರ್ಖಾನೆಯವನಿಗಾದರೋ ಶಾಖ ಹೆಚ್ಚಿದಷ್ಟೂ ಅನುಕೂಲ: ಕೆಲಸ ಬೇಗ ಸಾಗುವುದು, ಹುಲ್ಲಿನ ಗಂಜಿ ತೆಳುವಾಗುವುದು, ಬೇಡದ ಕ್ರಿಮಿಗಳು ಹುಟ್ಟಿ ಸಕ್ಕರೆಯನ್ನು ತಿಂದುಹಾಕುವುದು ತಪ್ಪುವುದು.

ಶಾಖವನ್ನು ಸಹಿಸುವ ಬೂಷ್ಟುಗಳು ಬೇರೆ ಇವೆ. ತಿಪ್ಪೆಯ ಒಡಲಿಗೆ ಕೈಯಿಟ್ಟು ನೋಡಿದವರಿಗೆ ಅಲ್ಲಿನ ಕಾವು ಗೊತ್ತು. ಹ್ಯೂಮಿಕೋಲ, ಕೀಟೋಮಿಯಂ ಮೊದಲಾದವು ಅಂಥ ಕಾವಿನಲ್ಲಿಯೇ ಬೆಳೆಯತಕ್ಕವು. ಆದರೆ ಕಿಣ್ವವನ್ನು ಹೇರಳವಾಗಿ ಸುರಿಸುವುದರಲ್ಲಿ ಟ್ರೈಕೋಡರ್ಮಾದ್ದೇ ಮೇಲುಗೈ. ಆದಕಾರಣ ಶಾಖಪ್ರಿಯ ಬೂಷ್ಟಿನಿಂದ ಕಿಣ್ವದ ವಂಶವಾಹಿಯನ್ನು, ಎಂದರೆ ಜೀನನ್ನು, ತೆಗೆದು ಟ್ರೈಕೋಡರ್ಮಾದೊಳಗೆ ಸೇರಿಸುತ್ತಾರೆ. ಬರೆಹ ಒಬ್ಬನದು, ಲೇಖನಿ ಇನ್ನೊಬ್ಬನದು.

ಇನ್ನೊಂದು ಉಪಾಯವೂ ಉಂಟು. ಫ್ರಾನ್ಸಿಸ್ ಆರ್ನಾಲ್ಡ್ ಎಂಬ ವಿದುಷಿಯೂ ಅವರ ಸಂಗಡಿಗರೂ 2009ರಲ್ಲಿ ಮೂರು ಬೂಷ್ಟುಗಳ ಒಂದೇ ಬಗೆಯ ಕಿಣ್ವದ ಜೀನುಗಳನ್ನು ತುಂಡುಮಾಡಿ, ಅದಲುಬದಲಾಗಿ ಜೋಡಿಸಿ, ಯೀಸ್ಟಿನಲ್ಲಿ ಕಿಣ್ವವನ್ನು ಮಾಡಿಸಿ ನೋಡಿದರು. ಹೀಗೆ ಹುಟ್ಟಿದವುಗಳಲ್ಲಿ ಕೆಲವು ತಮ್ಮ ಮಾತಾಪಿತೃಗಳಿಗಿಂತ ಹೆಚ್ಚು ಶಾಖವನ್ನು ತಾಳಿದವು. ಒಂದೇ ಒಂದು ಅಮೈನೋ ಆಮ್ಲವನ್ನು, ಸಿಸ್ಟೀನಿಗೆ ಬದಲಾಗಿ ಸೆರೀನನ್ನು, ಇಟ್ಟರೂ ದಾರ್ಢ್ಯವು ಎದ್ದುಕಾಣುವಂತೆ ಹೆಚ್ಚುವುದೆಂದೂ ತಿಳಿಯಿತು. ಕಿಣ್ವಗಳ ಮಾರ್ಪಾಟನ್ನು ಪ್ರಯೋಗಶಾಲೆಯಲ್ಲಿ ಬೇಕಾದತ್ತ ನಡೆಸುವ ಇವರ ವಿಧಾನಕ್ಕೆ 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧಭಾಗ ಸಂದಿತು.

ಇದರಿಂದ ಗೃಹಸ್ಥರಿಗೇನೆಂದು ಕೇಳಬಹುದು. ಪಂಜಾಬು ಹರಿಯಾಣಗಳಲ್ಲಿ ಯಂತ್ರದಿಂದ ಭತ್ತ ಕೊಯ್ದಮೇಲೆ ಗೋಧಿಯ ಬಿತ್ತನೆಗೆ ಉಳಿಯುವ ದಿನಗಳು ಕೆಲವೇ. ರೈತರು ಗದ್ದೆಯಲ್ಲಿಯೇ ಹುಲ್ಲಿಗೆ ಬೆಂಕಿಯಿಡುತ್ತಾರೆ, ದಿಲ್ಲಿಯ ಮಕ್ಕಳು ಕೆಮ್ಮುತ್ತಾರೆ. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಹುಲ್ಲಿನಿಂದ ಎಥನಾಲನ್ನು ತೆಗೆಯುವುದಕ್ಕೆಂದು ಪಾಣಿಪತ್ತಿನಲ್ಲಿ 2022ರಲ್ಲಿ ಕಾರ್ಖಾನೆಯೊಂದು ಆರಂಭವಾಯಿತು. ಇಂಥ ಉದ್ಯಮದಲ್ಲಿ ಕಿಣ್ವದ ಬೆಲೆಯೇ ದೊಡ್ಡ ತೊಡಕು; ಹೆಚ್ಚುಕಾಲ ಕೆಡದೆ ದುಡಿಯುವ ಕಿಣ್ವ ದೊರೆತರೆ ಕಡಮೆ ಸಾಕಾಗುವುದು.

ಆದರೆ ಎಲ್ಲ ಹುಲ್ಲೂ ಕಸವೆಂದು ಬರೆಯುವವರನ್ನು ನಾವು ಒಪ್ಪುವುದಿಲ್ಲ. ನಮ್ಮ ಸೀಮೆಯಲ್ಲಿ ರಾಗಿಹುಲ್ಲನ್ನಾಗಲಿ ಭತ್ತದ ಹುಲ್ಲನ್ನಾಗಲಿ ಬಣವೆ ಒಟ್ಟುವುದು ಬೇಸಗೆಯಲ್ಲಿ ದನಗಳ ಹೊಟ್ಟೆಗೆ. ಕಾರ್ಖಾನೆಯವರು ಸುಡುವ ಗದ್ದೆಗಳ ಕಡೆಗೆ ಮೊದಲು ಹೋಗಲಿ.