ನೀರಿನ ನೆಲೆಗಳೂ ಜೀವಿಗಳ ಲೆಕ್ಕವೂ

ಒಂದು ನದಿಯಲ್ಲಿ ಎಷ್ಟು ಬಗೆಯ ಜೀವಿಗಳಿವೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾದುದು. ಉತ್ತರ ಮಾತ್ರ ಕಷ್ಟಸಾಧ್ಯವಾದುದು. ಮೀನುಗಳನ್ನು ಗುರುತಿಸಲು ಒಬ್ಬ ತಜ್ಞ, ಮೃದ್ವಂಗಿಗಳಿಗೆ ಇನ್ನೊಬ್ಬ, ನೀರಿನ ಕೀಟಗಳಿಗೆ ಮತ್ತೊಬ್ಬ ಬೇಕಾಗುತ್ತಾನೆ. ಇಂಥ ತಜ್ಞರು ವಿರಳ, ನದಿಗಳಾದರೋ ಅನೇಕ. ಈ ಇಕ್ಕಟ್ಟಿಗೆ ಪರಿಸರ ವಿಜ್ಞಾನವು ಒಂದು ಪರಿಹಾರವನ್ನು ಸೂಚಿಸಿದೆ. ಜೀವಿಗಳನ್ನು ಎಣಿಸುವ ಮೊದಲು ಅವುಗಳ ನೆಲೆಗಳನ್ನು ಎಣಿಸುವುದೇ ಆ ಪರಿಹಾರ. ಆಳವಾದ ಮಡು, ಕಲ್ಲುಗಳ ಮೇಲಿನ ತೆಳುಹರಿವು, ಮರಳದಿಣ್ಣೆ, ಜೊಂಡು ಬೆಳೆದ ದಡ, ಹಳ್ಳ ಬಂದು ಕೂಡುವ ಮೂಲೆ ಇವೆಲ್ಲ ಬೇರೆಬೇರೆ ಜೀವಿಗಳ ಮನೆಗಳು. ಮನೆಗಳ ಬಗೆ ಹೆಚ್ಚಿದಷ್ಟೂ ನಿವಾಸಿಗಳ ಬಗೆಯೂ ಹೆಚ್ಚೀತೆಂಬುದು ಈ ಕ್ರಮದ ತಳಹದಿ. ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮ ಘಟ್ಟಗಳ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡು, ಭೂದೃಶ್ಯದ ಘಟಕಗಳನ್ನು ಆಧರಿಸಿದ ಜೀವವೈವಿಧ್ಯ ಸಮೀಕ್ಷೆಗೆ ದಾರಿ ಮಾಡಿದರು.

ಈ ಕ್ರಮದ ಬಲವನ್ನೂ ಮಿತಿಯನ್ನೂ ಅರಿಯಲು ಪುಣೆಯ ಮುಳಾ, ಮುಠಾ ನದಿಗಳು ತಕ್ಕ ನಿದರ್ಶನ. ಕರ್ನಲ್ ಸೈಕ್ಸ್ 1839ರಲ್ಲಿ ವರ್ಣಿಸಿದ ದಖ್ಖನಿನ ಮಹಶೀರ್ ಮೀನು ದೊರೆತದ್ದು ಪುಣೆಯ ಮೂಡಣದಲ್ಲಿ, ಈ ಎರಡೂ ಕೂಡಿ ಹರಿಯುವ ಮುಳಾ-ಮುಠೆಯಲ್ಲಿಯೇ. 1942ರಲ್ಲಿ ಫ್ರೇಸರ್ ಪುಣೆಯ ಮೀನುಗಳ ವಿಸ್ತಾರವಾದ ಪಟ್ಟಿಯನ್ನು ಪ್ರಕಟಿಸಿದನು. 2003ರಲ್ಲಿ ಬೆಳಕು ಕಂಡ ಸಮೀಕ್ಷೆಗಳ ವೇಳೆಗೆ ಸ್ಥಳೀಯವಾದ ಹಲವು ಮೀನುಗಳು ಕಣ್ಮರೆಯಾಗಿ, ತಿಲಾಪಿಯದಂಥ ಪರದೇಶದ ಮೀನುಗಳು ಬೇರೂರಿದ್ದವು. ಮಡು ಮಡುವಾಗಿಯೇ ಉಳಿದರೂ ಅದಕ್ಕೆ ನಗರದ ಕೊಳಚೆ ಸೇರಿ ಪ್ರಾಣವಾಯು ಕುಂದಿದರೆ ಮನೆಯುಂಟು, ನಿವಾಸಿಯಿಲ್ಲ. ಆದುದರಿಂದ ನೆಲೆಗಳ ಎಣಿಕೆಯೊಂದೇ ಸಾಲದು. ನೀರಿನ ಪರೀಕ್ಷೆಯೂ ಅದರ ಜೊತೆಗಿರಬೇಕು.

ಆದರೆ ಇದರ ಮರುಮುಖವನ್ನು ಮರೆಯಲಾಗದು. ಕೆಟ್ಟ ನೀರನ್ನು ಶುದ್ಧೀಕರಿಸಬಹುದು. ಅಳಿದ ನೆಲೆಯನ್ನು ಮರಳಿ ಕಟ್ಟುವುದು ಬಹು ಕಠಿಣ. 2022ರಲ್ಲಿ ಶಂಕುಸ್ಥಾಪನೆಗೊಂಡ, ಸುಮಾರು 44 ಕಿಲೋಮೀಟರ್ ಉದ್ದದ ಪುಣೆಯ ನದಿದಂಡೆ ಅಭಿವೃದ್ಧಿ ಯೋಜನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ. ಅಂಕುಡೊಂಕಾದ ದಡ ಏಕರೂಪದ ಕಟ್ಟೆಯಾದಲ್ಲಿ ಹರಿವು ಉಳಿದೀತು, ಹರಿವಿನ ಬಗೆಗಳು ಉಳಿಯಲಾರವು. ಕಾಮಗಾರಿಯ ಮೊದಲೂ ಆಮೇಲೂ ಎಷ್ಟು ಬಗೆಯ ನೆಲೆಗಳಿದ್ದವೆಂಬ ಲೆಕ್ಕವನ್ನು ಜನರು ಕೇಳಬೇಕು. ಸಾಮಾನ್ಯನೂ ದಡದಲ್ಲಿ ನಡೆದು ಈ ಲೆಕ್ಕವನ್ನು ಪರಿಶೀಲಿಸಬಲ್ಲನು. ಈ ಕ್ರಮದ ದೊಡ್ಡ ಗುಣವೇ ಅದು.

ಕನ್ನಡ ಅಧ್ಯಯನ ಮಾಡುವವರಿಗೆ ಇಲ್ಲಿ ಏನು ಕೆಲಸವೆಂದು ಕೇಳಬಹುದು. ಮುಳಾ-ಮುಠೆಯ ನೀರು ಭೀಮೆಯನ್ನು ಸೇರಿ, ಪಂಢರಪುರವನ್ನು ದಾಟಿ, ವಿಜಯಪುರ, ಕಲಬುರಗಿಗಳ ಸೀಮೆಗೆ ಬರುತ್ತದೆಂಬುದು ಒಂದು ಉತ್ತರ. ಅದಕ್ಕಿಂತ ಮುಖ್ಯವಾದ ಉತ್ತರ ಶಬ್ದಸಂಪತ್ತಿಗೆ ಸಂಬಂಧಿಸಿದ್ದು. ನೆಲೆಗಳನ್ನು ಎಣಿಸಲು ಮೊದಲು ಅವಕ್ಕೆ ಹೆಸರು ಬೇಕು. ಸಮೀಕ್ಷೆಯ ಹಾಳೆಯಲ್ಲಿ 'ನದಿ', 'ಕೆರೆ' ಎಂಬ ಎರಡೇ ಅಂಕಣಗಳಿದ್ದರೆ ಮಡು ನದಿಯಿಂದ ಅಳಿಯುವ ಮೊದಲೇ ದಾಖಲೆಯಿಂದ ಅಳಿಯುತ್ತದೆ. ನಾವು ಮಡು ಎನ್ನುವುದನ್ನು ಮರಾಠಿಗರು ಡೋಹ ಎನ್ನುತ್ತಾರೆ. ಭೀಮಾತೀರದ ಅಂಬಿಗರೂ ಬೆಸ್ತರೂ ಎರಡೂ ನುಡಿಗಳಲ್ಲಿ ನೀರಿನ ಆಳ, ವೇಗ, ತಳಗಳನ್ನು ಕುರಿತು ಬಳಸುವ ಮಾತುಗಳನ್ನು ಸಂಗ್ರಹಿಸಿ ವಿಜ್ಞಾನಿಗಳ ಕೈಗಿಡುವುದು ಭಾಷಾ ವಿಭಾಗಗಳು ಮಾಡಬಹುದಾದ, ಮಾಡಲೇಬೇಕಾದ ಕಾರ್ಯ. ಆ ಕೋಶ ಸಿದ್ಧವಾದಲ್ಲಿ ನದಿಯ ಅಳತೆಗೋಲು ನದಿಯ ಜನರ ಕೈಯಲ್ಲಿಯೇ ಇರುತ್ತದೆ.