ದ್ವೀಪ ಬೇಕು, ದ್ವೀಪದವರು ಬೇಡ

ರಮಜಾನ್ ಹಬ್ಬದ ಮಾರನೆಯ ದಿನ ಅಕ್ಕನ ಕಿರಿಮಗ ಬೆಂಗಳೂರಿನಿಂದ ಎಮ್ಮೆದೊಡ್ಡಿಗೆ ಬಂದಿದ್ದ. ಅವನ ಮದುವೆ ನಿಶ್ಚಯವಾಗಿದೆ. ಒಂದು ಕೈಯಲ್ಲಿ ಶೀರ್‌ಖುರ್ಮಾದ ಬಟ್ಟಲು, ಇನ್ನೊಂದರಲ್ಲಿ ಮೊಬೈಲು. "ಮಾಮೂ, ನಿಕಾಹ್ ಆದಮೇಲೆ ಎಲ್ಲಿಗೆ ಹೋಗ್ಲಿ? ಮಾಲ್ದೀವ್ಸಾ, ಲಕ್ಷದ್ವೀಪಾನಾ?" ಎಂದು ಎರಡು ಚಿತ್ರ ತೋರಿಸಿದ. ಎರಡರಲ್ಲೂ ಅದೇ ಹಸಿರುನೀಲಿ ನೀರು, ಅದೇ ಬಿಳಿ ಮರಳು, ನೀರಿನ ಕಡೆ ಬಾಗಿದ ಅದೇ ತೆಂಗಿನಮರ. ಯಾವುದು ಯಾವ ದೇಶದ್ದೆಂದು ಹೇಳಲು ಗುರುತಿರಲಿಲ್ಲ. ಎರಡರಲ್ಲೂ ಒಂದು ನರಪಿಳ್ಳೆಯೂ ಕಾಣಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವನ ಅಣ್ಣ ಹೇಳಿದ: "ಲಕ್ಷದ್ವೀಪ ಅಂದ್ಬಿಡಿ ಮಾಮೂ. ಆಮೇಲೆ ಯಾರಿಗೂ ಉತ್ತರ ಕೊಡೋದು ಬೇಡ."

ಈ ಮಾತಿನ ಹಿಂದೆ ಒಂದು ಕಥೆಯಿದೆ. 2024ರ ಜನವರಿ ಕೊನೆಗೆ ಹೆಂಡತಿ ಮಗುವನ್ನು ಕರೆದುಕೊಂಡು ಮಾಲ್ದೀವ್ಸಿಗೆ ಹೋಗಲು ಅವನು ಟಿಕೆಟ್ ತೆಗೆದಿದ್ದ. ಆ ತಿಂಗಳ ಮೊದಲ ವಾರ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋದರು, ಕಡಲತೀರದ ಚಿತ್ರಗಳು ಬಂದವು. ಮಾಲ್ದೀವ್ಸಿನ ಮೂವರು ಉಪಮಂತ್ರಿಗಳು ನಾಲಗೆಗೆ ಹಿಡಿತವಿಲ್ಲದೆ ಅವಹೇಳನ ಮಾಡಿದರು. ಅಲ್ಲಿನ ಸರ್ಕಾರ ಅವರನ್ನು ಅಮಾನತು ಮಾಡಿತು. ಅಷ್ಟಕ್ಕೇ ಮುಗಿಯಬೇಕಿದ್ದ ಜಗಳ ಇಲ್ಲಿ ಬಹಿಷ್ಕಾರದ ಕೂಗಾಯಿತು. ಟಿಕೆಟ್ ಮಾರುವ ಒಂದು ಕಂಪನಿ ಆ ದೇಶದ ಬುಕಿಂಗನ್ನೇ ನಿಲ್ಲಿಸಿತು. ಐದು ವರ್ಷ ಪಕ್ಕದಲ್ಲೇ ಕೂತು ಡಬ್ಬಿ ಹಂಚಿಕೊಂಡು ಉಂಡ ಸಹೋದ್ಯೋಗಿ ನಮ್ಮ ಹುಡುಗನನ್ನು ನಗುತ್ತಲೇ ಕೇಳಿದನಂತೆ: "ಏನಪ್ಪಾ, ನಿಮ್ಮವರ ದೇಶಕ್ಕೆ ಹೊರಟಿದ್ದೀಯಂತೆ?" ನಗೆಗೆ ನಗೆ ಸೇರಿಸಿ ಮನೆಗೆ ಬಂದವನು ಅದೇ ರಾತ್ರಿ ಟಿಕೆಟ್ ರದ್ದು ಮಾಡಿದ. ಕಟ್ಟಿದ ಮುಂಗಡ ಹೋಯಿತು. ವಾಟ್ಸಾಪ್ ಸ್ಟೇಟಸ್ಸಿಗೆ ಲಕ್ಷದ್ವೀಪದ ಚಿತ್ರ, ಪಕ್ಕದಲ್ಲಿ ಬಾವುಟ ಹಾಕಿದ. ಲಕ್ಷದ್ವೀಪಕ್ಕೂ ಅವನು ಹೋಗಲಿಲ್ಲ. ಅಷ್ಟು ಬೇಗ ಪರ್ಮಿಟ್ಟೂ ಹಡಗಿನ ಟಿಕೆಟ್ಟೂ ಸಿಗುವಂತಿರಲಿಲ್ಲ. ಆ ರಜೆಯನ್ನು ಎಮ್ಮೆದೊಡ್ಡಿಯ ನಮ್ಮ ಮನೆಯಲ್ಲಿ, ಸಂಜೆ ಮದಗದ ಕೆರೆಯ ಏರಿಯ ಮೇಲೆ ಮಗುವನ್ನು ಓಡಾಡಿಸಿಕೊಂಡು ಕಳೆದ.

ಮರುವರ್ಷ ಅದೇ ಕಚೇರಿಯಿಂದ ಇಬ್ಬರು ಮಾಲ್ದೀವ್ಸಿಗೆ ಹೋಗಿಬಂದರು, ಚಿತ್ರ ಹಾಕಿದರು. ಬಹಿಷ್ಕಾರದ ಸಂದೇಶವನ್ನು ಎಲ್ಲರಿಗಿಂತ ಮೊದಲು ಹಂಚಿದವರೂ ಅವರೇ. ಅವರನ್ನು ಯಾರೂ ಏನೂ ಕೇಳಲಿಲ್ಲ.

ದೊಡ್ಡವರು ರಾಜಿಯಾಗಲು ತಡವಾಗಲಿಲ್ಲ. ಮಾಲ್ದೀವ್ಸಿನ ಅಧ್ಯಕ್ಷ ಮುಯಿಝ್ಝು 2024ರ ಅಕ್ಟೋಬರಿನಲ್ಲಿ ದೆಹಲಿಗೆ ಬಂದರು, ಬೆಂಗಳೂರಿಗೂ ಬಂದು ಹೋದರು. 2025ರ ಜುಲೈನಲ್ಲಿ ಆ ದೇಶದ ಸ್ವಾತಂತ್ರ್ಯದ 60ನೇ ವರ್ಷಾಚರಣೆಗೆ ನಮ್ಮ ಪ್ರಧಾನಿಯೇ ಮುಖ್ಯ ಅತಿಥಿ. 4,850 ಕೋಟಿ ರೂಪಾಯಿಯ ಸಾಲದ ನೆರವೂ ಘೋಷಣೆಯಾಯಿತು. ಇದಕ್ಕೆ ನನ್ನ ತಕರಾರಿಲ್ಲ. ನೆರೆಹೊರೆ ಮುನಿಸು ಬಿಟ್ಟರೆ ಎರಡೂ ಮನೆಗೆ ಒಳ್ಳೆಯದು. 2014ರ ಡಿಸೆಂಬರಿನಲ್ಲಿ ಮಾಲೆ ನಗರದ ಉಪ್ಪುನೀರು ಸಿಹಿ ಮಾಡುವ ಸ್ಥಾವರಕ್ಕೆ ಬೆಂಕಿ ಬಿದ್ದು ಲಕ್ಷಕ್ಕೂ ಹೆಚ್ಚು ಜನ ಕುಡಿಯುವ ನೀರಿಲ್ಲದೆ ಕೂತಾಗ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳಿಸಿದ್ದು ಇದೇ ಭಾರತ. ನನ್ನ ಪ್ರಶ್ನೆ ಬೇರೆ. ಸರ್ಕಾರಗಳು ಕೈಕುಲುಕಿದವು, ಸಹೋದ್ಯೋಗಿಗಳು ಈಜಿ ಬಂದರು. ಹೆದರಿ ಟಿಕೆಟ್ ಹರಿದವನ ಹೆದರಿಕೆಯನ್ನು ಯಾರು ವಾಪಸ್ ತೆಗೆದುಕೊಂಡರು? ಎಲ್ಲಿ ಬಾಡಿಗೆ ಮನೆ ಸಿಗುತ್ತದೆ, ಡಬ್ಬಿಯಲ್ಲಿ ಏನು ಒಯ್ಯಬಹುದು ಎಂದು ಲೆಕ್ಕ ಹಾಕುವುದು ನಮ್ಮ ಮಕ್ಕಳಿಗೆ ಮೊದಲೇ ರೂಢಿಯಾಗಿತ್ತು. ಈಗ ಯಾವ ಸಮುದ್ರದಲ್ಲಿ ಕಾಲು ನೆನೆಸಬೇಕು ಎಂಬುದೂ ಆ ಪಟ್ಟಿಗೆ ಸೇರಿದೆ.

ಹಾಗೆಂದು ಮಾಲ್ದೀವ್ಸಿನ ವಕಾಲತ್ತಿಗೆ ನಾನು ನಿಂತಿಲ್ಲ. "ನಮ್ಮ ದೀನಿನವರ ದೇಶ, ಹಲಾಲ್ ಊಟಕ್ಕೆ ತೊಂದರೆಯಿಲ್ಲ" ಎಂದು ಹೇಳಿಕೊಂಡು ಅಲ್ಲಿಗೆ ಹೋಗುವ ನಮ್ಮವರನ್ನು ಕಂಡರೂ ನನಗೆ ನಗು ಬರುತ್ತದೆ. 1972ರಲ್ಲಿ ಮೊದಲ ರೆಸಾರ್ಟ್ ತೆರೆದಾಗಿನಿಂದ ಆ ದೇಶ ಮಾಡಿಕೊಂಡ ಏರ್ಪಾಟೆಂದರೆ ಒಂದು ದ್ವೀಪಕ್ಕೆ ಒಂದು ರೆಸಾರ್ಟು. ಜನ ಬದುಕುವ ದ್ವೀಪ ಬೇರೆ, ದುಡ್ಡಿನವರು ಬಿಸಿಲು ಕಾಯುವ ದ್ವೀಪ ಬೇರೆ. ಮಸೀದಿಯಿರುವ ದ್ವೀಪದಲ್ಲಿ ಹೆಂಡ ನಿಷಿದ್ಧ, ರೆಸಾರ್ಟಿನ ದ್ವೀಪದಲ್ಲಿ ಹೊಳೆಯಾಗಿ ಹರಿಯುತ್ತದೆ. ಊರವರ ದ್ವೀಪದಲ್ಲಿ ಪ್ರವಾಸಿಗೆ ಕೋಣೆ ಕೊಡಲು ಅನುಮತಿ ಸಿಗತೊಡಗಿದ್ದು 2009ರ ಆಚೆಗೆ. ಅಲ್ಲಿಯವರೆಗೆ ಲಕ್ಷಾಂತರ ಜನ ಬಂದು ಹೋದರೂ ಊರಿನ ಹೆಂಗಸೊಬ್ಬಳು ಒಂದು ಲೋಟ ಚಹಾ ಮಾರುವ ದಾರಿ ಇರಲಿಲ್ಲ. ಬಾಂಗ್ಲಾದೇಶದ ಬಡ ಹುಡುಗರು ಅಲ್ಲಿ ಹಾಸಿಗೆ ಹಾಸುತ್ತಾರೆ, ಪಾತ್ರೆ ತೊಳೆಯುತ್ತಾರೆ. ಮಾಂಸ ಹಲಾಲೇ ಎಂದು ವಿಚಾರಿಸುವವರು, ಅದನ್ನು ಬಡಿಸಿದವನ ಕೂಲಿ ಹಲಾಲಾಗಿ ಅವನ ಕೈ ಸೇರಿತೇ ಎಂದು ವಿಚಾರಿಸಿದ್ದನ್ನು ನಾನು ಕೇಳಿಲ್ಲ.

ಇನ್ನು ಲಕ್ಷದ್ವೀಪ. 2024ರ ಜನವರಿಯಲ್ಲಿ ದೇಶಪ್ರೇಮದ ಪರೀಕ್ಷೆಗೆ ಅದನ್ನು ಪಠ್ಯವಾಗಿ ಇಟ್ಟವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದರು? ಭಾರತದ ದ್ವೀಪಗಳಿಗೆ ಹೋಗಿರೆಂದು ಕರೆಕೊಟ್ಟ ಸಿನಿಮಾ ನಟರೊಬ್ಬರು ಹಾಕಿದ್ದು ಮಾಲ್ದೀವ್ಸಿನದೇ ಚಿತ್ರ! ತಪ್ಪು ಅವರೊಬ್ಬರದಲ್ಲ. ಜನರನ್ನು ಅಳಿಸಿ ನೋಡಿದರೆ ಎರಡೂ ಒಂದೇ. ಜನರನ್ನು ಸೇರಿಸಿ ನೋಡಿದರೂ ಬಹಿಷ್ಕಾರದವರಿಗೆ ಇರುಸುಮುರುಸಾಗುವ ಸಂಗತಿಯೊಂದಿದೆ: ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯಿಯವರು ಆಡುವ ಮಹಲ್ ಭಾಷೆ ಮಾಲ್ದೀವ್ಸಿನ ಧಿವೇಹಿಯೇ. ನಡುವೆ ಇರುವುದು ಒಂದು ಕಡಲ ಕಾಲುವೆ, ಅಷ್ಟೇ. ಈಚೆ ದಡದವರು ನಮ್ಮವರು, ಆಚೆ ದಡದವರು ಶತ್ರುಗಳು ಎಂದು ಒಂದು ವಾರದಲ್ಲಿ ತೀರ್ಮಾನವಾಯಿತು.

ಈಚೆಯವರಾದರೂ ನಮ್ಮವರಾದರೇ? ಮೂರು ವರ್ಷ ಹಿಂದಕ್ಕೆ, 2021ಕ್ಕೆ ಹೋಗಿ ನೋಡಿ. ಅದೇ ದ್ವೀಪಗಳಿಗೆ ಹೊಸ ಕಾನೂನುಗಳ ಕರಡು ಬಂತು. ಅಪರಾಧವೇ ವಿರಳವಾದ ನೆಲಕ್ಕೆ ಗೂಂಡಾ ಕಾಯ್ದೆ. ಯಾರ ಜಮೀನನ್ನಾದರೂ ಅಭಿವೃದ್ಧಿಯ ಹೆಸರಲ್ಲಿ ಹಿಡಿಯಬಲ್ಲ ಪ್ರಾಧಿಕಾರ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿಗೆ ನಿಲ್ಲಬಾರದೆಂಬ ನಿಯಮ. ದನದ ಮಾಂಸಕ್ಕೆ ನಿಷೇಧ. ಶಾಲೆಯ ಬಿಸಿಯೂಟದಿಂದ ಮಾಂಸ ಹೋಯಿತು. ಮೀನುಗಾರರು ಬಲೆ, ದೋಣಿಯ ಸಾಮಾನು ಇಟ್ಟುಕೊಳ್ಳುತ್ತಿದ್ದ ದಡದ ಗುಡಿಸಲುಗಳನ್ನು ಕೆಡವಲಾಯಿತು. ಪಂಚಾಯಿತಿಯ ಕೈಯಲ್ಲಿದ್ದ ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ, ಮೀನುಗಾರಿಕೆ ಐದೂ ಇಲಾಖೆಗಳ ಅಧಿಕಾರ ಆಡಳಿತಾಧಿಕಾರಿಯ ಮೇಜಿಗೆ ಬಂತು. ಟಿ.ವಿ.ಯಲ್ಲಿ ಕಟುವಾಗಿ ಮಾತಾಡಿದ ದ್ವೀಪದ ಚಿತ್ರ ನಿರ್ದೇಶಕಿ ಆಯಿಷಾ ಸುಲ್ತಾನಾ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ಆಗ ದ್ವೀಪದವರು ಅನುಮಾನಕ್ಕೆ ಅರ್ಹರಾದ ಮುಸಲ್ಮಾನರು. 2024ರಲ್ಲಿ ಅದೇ ದ್ವೀಪ ದೇಶದ ಹೆಮ್ಮೆ. ದ್ವೀಪವೇನೋ ಹೆಮ್ಮೆ, ದ್ವೀಪದವರ ವಿಷಯ ಯಾರೂ ಎತ್ತಲಿಲ್ಲ.

ನಾವು ಕನ್ನಡಿಗರು ಇದನ್ನು ದೂರದ ಕಥೆಯೆಂದು ಕೇಳುವುದಂತೂ ದೊಡ್ಡ ಮರೆವು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ಐದು ಅಮೀನಿದೀವಿ ದ್ವೀಪಗಳು ಟಿಪ್ಪುವಿನ ಆಳ್ವಿಕೆಗೆ ಸೇರಿ, 1799ರ ನಂತರ ಕಂಪನಿಯ ವಶವಾಗಿ, ಆಮೇಲೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅಲ್ಲಿಯವರ ಕಷ್ಟಸುಖದ ಅರ್ಜಿ ಬರುತ್ತಿದ್ದದ್ದು ಮಂಗಳೂರಿನ ಕಲೆಕ್ಟರ ಕಚೇರಿಗೆ. ಅಲ್ಲಿಯ ತೆಂಗಿನ ನಾರು ಸರ್ಕಾರದ ಏಕಸ್ವಾಮ್ಯವಾಗಿ ಇಲ್ಲಿಗೆ ಬಂದು, ಬದಲಿಗೆ ಅಕ್ಕಿ ಹೋಗುತ್ತಿತ್ತು. ನಾರಿನ ಬೆಲೆಯನ್ನೂ ಅಕ್ಕಿಯ ಬೆಲೆಯನ್ನೂ ಕೊಳ್ಳುವವನೇ ಕಟ್ಟುವ ವ್ಯಾಪಾರ ಎಂಥದೆಂದು ತೆಂಗು ಬೆಳೆಯುವ ಕಡೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು, ನಾವು ವರ್ಷವರ್ಷವೂ ಬಾವುಟ ಏರಿಸುವ ಅದೇ ದಿನ, ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಅದೇ ದಿನ ಕೈಬಿಟ್ಟ ಕಾಸರಗೋಡಿಗಾಗಿ ನಾವು ಇಂದಿಗೂ ಮರುಗುತ್ತೇವೆ, ಸರಿಯೇ. ಅಮೀನಿದೀವಿಯ ಹೆಸರು ನಮ್ಮ ಪಠ್ಯಪುಸ್ತಕದ ಒಂದು ಸಾಲಿನಲ್ಲಾದರೂ ಇದ್ದ ನೆನಪು ನನಗಿಲ್ಲ. ಕನ್ನಡ ಶಾಲೆಯಲ್ಲೂ ಇಲ್ಲ, ಉರ್ದು ಶಾಲೆಯಲ್ಲೂ ಇಲ್ಲ.

ಆ ಐದರಲ್ಲಿ ಎಲ್ಲಕ್ಕಿಂತ ಚಿಕ್ಕದು ಬಿತ್ರಾ. ವಿಸ್ತೀರ್ಣ ಸುಮಾರು 25 ಎಕರೆ, ನಮ್ಮ ಕಡೆಯ ಒಂದು ದೊಡ್ಡ ತೋಟದಷ್ಟು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಜನ. 2025ರ ಜುಲೈನಲ್ಲಿ ಇಡೀ ದ್ವೀಪವನ್ನು ರಕ್ಷಣಾ ಕಾರ್ಯಕ್ಕೆ ವಶಪಡಿಸಿಕೊಳ್ಳುವ ಪ್ರಸ್ತಾಪದ ಪ್ರಕಟಣೆ ಹೊರಟಿತು. ದೇಶಕ್ಕೆ ರಕ್ಷಣೆ ಬೇಡವೆಂದು ಅಲ್ಲಿಯವರು ಹೇಳಲಿಲ್ಲ. ನಮ್ಮನ್ನು ಕೇಳಿದಿರಾ ಎಂದರು, ಅಷ್ಟೆ. ಕೇಳಲು ಚುನಾಯಿತ ಪಂಚಾಯಿತಿಯೇ ಆಗ ಅಲ್ಲಿರಲಿಲ್ಲ. ಲಕ್ಷದ್ವೀಪ ನಮ್ಮ ಹೆಮ್ಮೆ ಎಂದು ಒಂದೂವರೆ ವರ್ಷದ ಹಿಂದೆ ಗಂಟಲು ಹರಿದುಕೊಂಡವರಿಂದ ಆ 271 ಜನರ ಪರವಾಗಿ ಒಂದು ಸ್ಟೇಟಸ್ಸೂ ಬಂದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. 2024ರಲ್ಲೇ 'ಪಂಡಾರ' ಜಮೀನಿನ ರಗಳೆಯೂ ಎದ್ದಿತ್ತು. ತಲೆಮಾರುಗಳಿಂದ ತೆಂಗು ಹಾಕಿ ಉಂಡ ನೆಲ, ಕಾಗದದಲ್ಲಿ ಸರ್ಕಾರದ್ದೆಂದು ಅಳತೆಗೆ ಬಂದರು, ಜನ ಅಡ್ಡ ನಿಂತರು. ಬಗರ್‌ಹುಕುಂ ಅರ್ಜಿ ಹಿಡಿದು ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದ ನಮ್ಮ ಸೀಮೆಯ ಗೌಡರಿಗೂ ಲಂಬಾಣಿಗರಿಗೂ ಸಾಬರಿಗೂ ಆ ಸಂಕಟ ಭಾಷಾಂತರವಿಲ್ಲದೆ ಅರ್ಥವಾಗುತ್ತದೆ.

ಅರ್ಥವಾಗಬೇಕಾದ ಇನ್ನೊಂದು ಸಂಗತಿ ನೀರು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿತ್ತು. ಕಡಲತೀರದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದ ಆ ಜನವರಿಯ ರಾತ್ರಿಗಳಲ್ಲಿ ನಮಗೆ ಕೇಳುತ್ತಿದ್ದದ್ದು ಬೋರು ಕೊರೆಯುವ ಲಾರಿಯ ಸದ್ದು. ಕೆಂಚಮ್ಮ ಬಲಿಯಾದ ಮದಗದ ಕೆರೆ ನಮ್ಮದೋ ಮಾಸೂರಿನದೋ ಎಂದು ಹಾಡಿನ ಮೇಲೆ ಎರಡು ಊರಿನವರು ಇಂದಿಗೂ ಜಗಳವಾಡುತ್ತೇವೆ. ಕೆರೆಗೆ ಹೆಣ್ಣನ್ನು ಕೊಟ್ಟ ಕಥೆಗೂ ಹಕ್ಕುದಾರರಿರುವಷ್ಟು ನೀರಿನ ಬೆಲೆ ಬಲ್ಲವರು ನಾವು. ನಾವಾದರೂ ಕೇಳಬೇಕಿತ್ತು, ನಾಲ್ಕು ದಿಕ್ಕಿಗೂ ಉಪ್ಪುನೀರಿರುವ ದ್ವೀಪದಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು. ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಕಡಲನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ. ಬಾವಿಯಿಂದ ಹದವಾಗಿ ಸೇದಿದರೆ ಸಿಹಿ, ಪಂಪು ಹಚ್ಚಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಶುರುವಾದ ಮೊದಲ ಸ್ಥಾವರ ಕಡಲನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವಂಥದು. ಕವರತ್ತಿಯ ಜನ ಸುಮಾರು 11 ಸಾವಿರ. ತಲೆಗೆ ಒಂದು ಬಿಂದಿಗೆಯೂ ಪೂರ್ತಿ ಇಲ್ಲ. ಸುಹೇಲಿ ಮತ್ತು ಕಡಮತ್ ದ್ವೀಪಗಳಲ್ಲಿ ತಲಾ 110 ಕೋಣೆಗಳ ಎರಡು ದೊಡ್ಡ ರೆಸಾರ್ಟುಗಳ ಘೋಷಣೆ 2023ರಲ್ಲೇ ಆಗಿದೆ. ಅವುಗಳಲ್ಲಿ ಹಲವು ಕೋಣೆಗಳು ನೀರಿನ ಮೇಲೆಯೇ ನಿಲ್ಲುವಂಥವು. ಅಲ್ಲಿ ಇಳಿದುಕೊಂಡವನು ಬೆಳಿಗ್ಗೆ ಸಂಜೆ ಷವರಿನ ಕೆಳಗೆ ನಿಂತಾಗ ಎಷ್ಟು ಬಿಂದಿಗೆ ಖಾಲಿಯಾಗುತ್ತದೆ, ನೀವೇ ಲೆಕ್ಕ ಹಾಕಿ. ಆ ಕೊಳಕು ನೀರು ಹೋಗುವುದೆಲ್ಲಿಗೆ? ಅಲೆ ತಡೆದು ದ್ವೀಪವನ್ನು ಉಳಿಸುವುದು ಹವಳ. ಕಡಲು ಕಾದು ಅದು ಬೆಳ್ಳಗಾಗಿ ಸಾಯುವುದು 1998, 2010, 2016ರಲ್ಲಿ ನಡೆಯಿತು, ಬಹಿಷ್ಕಾರದ ವರ್ಷವಾದ 2024ರಲ್ಲೂ ನಡೆಯಿತು.

"ಹಾಗಾದರೆ ಯಾರೂ ಹೋಗಬಾರದೇ? ದ್ವೀಪದವರಿಗೆ ದುಡಿಮೆ ಬೇಡವೇ?" ಬೇಕು. ಕೊಬ್ಬರಿ, ನಾರು, ಸೂರೆಮೀನು ಇಷ್ಟರಲ್ಲೇ ಬದುಕು ಸಾಗದೆಂದು ಅವರೂ ಹೇಳುತ್ತಾರೆ. ಮನೆಯ ಒಂದು ಕೋಣೆಯನ್ನು ಅತಿಥಿಗೆ ಕೊಟ್ಟು ನಾಲ್ಕು ಕಾಸು ನೋಡಲು ಅವರಿಗೂ ಆಸೆಯಿದೆ. ನಮ್ಮ ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರ ಸಮಿತಿಯನ್ನು ಸುಪ್ರೀಂ ಕೋರ್ಟೇ ನೇಮಿಸಿತ್ತು. ದ್ವೀಪದಲ್ಲಿ ಏನು ಕಟ್ಟಿದರೂ ಅಲ್ಲಿಯ ಚುನಾಯಿತ ಪಂಚಾಯಿತಿಗಳನ್ನು ಕೇಳಿ ಕಟ್ಟಬೇಕೆಂಬುದು ಅದರ ಸಲಹೆ. ನಾನು ಹೇಳುತ್ತಿರುವುದೂ ಅಷ್ಟೇ: ಮನೆಯವರನ್ನು ಕೇಳಿ ಒಳಗೆ ಬನ್ನಿ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಶನಿವಾರ, ಭಾನುವಾರ ನಿಂತು ನೋಡಿದವರಿಗೆ ಇದು ಗೊತ್ತು. ವಾಹನಗಳಿಗೆ ದಿನಕ್ಕೆ ಇಂತಿಷ್ಟೇ ಎಂದು 2025ರಲ್ಲಿ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ನಮ್ಮ ಕೆರೆ ಕೋಡಿ ಬಿದ್ದ ವಾರವೂ ಅಷ್ಟೇ, ನೋಡಲು ಬಂದವರು ಏರಿಯ ಮೇಲೆ ಬಾಟಲಿ ಒಡೆದು ಹೋಗುತ್ತಾರೆ. ಗಾಜು ಆರಿಸುವವರು ದನ ಕಾಯುವ ಹುಡುಗರು. ಬೇರೆಯವರ ರಜೆಯ ಜಾಗವಾಗಿ ಬದುಕುವುದು ಹೇಗಿರುತ್ತದೆಂದು ತಿಳಿದ ಜಿಲ್ಲೆಯವರು ನಾವೇ ಇನ್ನೊಬ್ಬರ ಊರನ್ನು ಖಾಲಿ ಚಿತ್ರದಂತೆ ಕಾಣುವುದು ನನಗೆ ಸಹಿಸದು.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ದೇಶಪ್ರೇಮಕ್ಕೆಂದು ಲಕ್ಷದ್ವೀಪಕ್ಕೆ ಹೋಗಬೇಡ, ದೀನಿಗೆಂದು ಮಾಲ್ದೀವ್ಸಿಗೂ ಹೋಗಬೇಡ, ಎಲ್ಲಿಗೆ ಹೋದರೂ ಊರವರ ಮನೆಯಲ್ಲಿ ಇಳಿದುಕೋ, ಅವರು ಉಣ್ಣುವುದನ್ನೇ ಉಣ್ಣು, ನೀರಿನ ಲೆಕ್ಕ ಮೊದಲು ಕೇಳು ಎಂದೆ. "ಹನಿಮೂನಿಗೆ ಹೋಗೋಕೆ ಇಷ್ಟೊಂದು ಕೇಳಬೇಕಾ ಮಾಮೂ?" ಎಂದು ನಕ್ಕ. ಅವನ ಅಣ್ಣ ನಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಕ್ಕ ಮಾತ್ರ, "ಅಲ್ಲಿ ಬಾವಿ ನೀರು ಸಿಹಿ ಇದೆಯಂತಾ?" ಎಂದು ಎರಡು ಸಲ ಕೇಳಿದಳು.

ಚಿಕ್ಕವನು ಕಡಮತ್‌ಗೆ ಅರ್ಜಿ ಹಾಕಿದ್ದಾನೆ. ಪರ್ಮಿಟ್ ಇನ್ನೂ ಬಂದಿಲ್ಲ. ಕಚೇರಿಯಲ್ಲಿ ಎಲ್ಲಿಗೆಂದು ಕೇಳಿದರೆ ಊರಿಗೆ, ಎಮ್ಮೆದೊಡ್ಡಿಗೆ ಎನ್ನುತ್ತಿದ್ದಾನಂತೆ.