ಅರುವತ್ತರ ಮೇಲಿನ ವಿಮೆ: ಎಷ್ಟು ಲಕ್ಷ ಅಲ್ಲ, ಎಷ್ಟು ಕಡಿತ?

ಆರೋಗ್ಯ ವಿಮೆ ಮಾಡಿಸುವಾಗ ನಾವು ಕೃಷಿಕರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಲಕ್ಷದ್ದು? ವರ್ಷಕ್ಕೆ ಎಷ್ಟು ಕಟ್ಟಬೇಕು? ಬೆಳೆವಿಮೆಯ ಹಣ ಕಡಿಮೆ ಬಂದರೆ ಪಂಚಾಯತಿನ ಮಳೆ ಲೆಕ್ಕ ಕೇಳಲು ಹೋಗುವವರು, ಇಲ್ಲಿ ಮಾತ್ರ ಏಜೆಂಟ್ ಹೇಳಿದ್ದಕ್ಕೆ ತಲೆಯಾಡಿಸುತ್ತೇವೆ. ಪ್ರಾಯ ಅರುವತ್ತು ದಾಟಿದ ಮೇಲೆ ಇದು ಸಾಲದು. ಆಸ್ಪತ್ರೆ ಬಿಲ್ಲಿಗಾಗಿ ತೋಟ ಅಡವಿಡುವ ಪ್ರಾಯ ಅದಲ್ಲ.

ಮೊದಲು ಸಹಕಾರಿ ಸಂಘಕ್ಕೆ ಹೋಗಿ. 2003ರಲ್ಲಿ ಶುರುವಾದ ಯಶಸ್ವಿನಿ 2018ರಲ್ಲಿ ನಿಂತಿತ್ತು. 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಸಿಗತೊಡಗಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದ ತನಕ ಸೌಲಭ್ಯ. ಇದು ತುಂಬ ಅಗ್ಗದ್ದು. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ಒಮ್ಮೆ ನಿಂತದ್ದನ್ನೂ ಕಂಡಿದ್ದೇವೆ. ಆದ್ದರಿಂದ ಕೈಲಾಗುವವರು ಇದರ ಜೊತೆಗೆ ಇನ್ನೊಂದು ಪಾಲಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ಮಾತು ಹಳೆಯದಾಯ್ತು. 2024ರ ಏಪ್ರಿಲಿನಿಂದ ಆ ಪ್ರಾಯದ ಮಿತಿ ಹೋಗಿದೆ. ಹಾಗಂತ ಮೊದಲೇ ಇದ್ದ ಕಾಯಿಲೆಗೆ ಮರುದಿನವೇ ಹಣ ಬರುವುದಿಲ್ಲ, ಮೂರು ವರ್ಷದವರೆಗೂ ಕಾಯಿಸಬಹುದು. ಅಡಿಕೆ ಸಸಿ ನೆಟ್ಟ ಹಾಗೆ. ತಡಮಾಡಿದಷ್ಟೂ ಫಲ ದೂರ. "ಶುಗರ್ ಇದೆ ಅಂತ ಬರೆಯೋದು ಬೇಡ ಮಾರಾಯ್ರೆ" ಎನ್ನುವ ಏಜೆಂಟರನ್ನು ಅಂಗಳದಿಂದಲೇ ಕಳಿಸಿ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ಬಿಡಿ, ಪಾಲಿಸಿಯೇ ಹೋಗಬಹುದು.

ನಿಜವಾದ ಪೆಟ್ಟು ಕಡಿತದಲ್ಲಿ. ಹಿರಿಯರ ಎಷ್ಟೋ ಪಾಲಿಸಿಗಳಲ್ಲಿ ಬಿಲ್ಲಿನ ಒಂದು ಪಾಲು ನಮ್ಮದೇ. ಶೇಕಡಾ 20 ಅಂತಿದ್ದರೆ 2 ಲಕ್ಷದ ಬಿಲ್ಲಿಗೆ 40 ಸಾವಿರ ನಾವು ಕೊಡಬೇಕು. ಅದಕ್ಕೆ ಎಷ್ಟು ಅಡಿಕೆ ಮಾರಬೇಕು, ಲೆಕ್ಕ ಹಾಕಿ. ಕೋಣೆ ಬಾಡಿಗೆಯದ್ದು ಇನ್ನೂ ಮೋಸ. ದಿನಕ್ಕೆ 3,000ದ ಮಿತಿ ಇರುವಾಗ 6,000ದ ಕೋಣೆ ಹಿಡಿದಿರೆನ್ನಿ. ಬಾಡಿಗೆಯ ವ್ಯತ್ಯಾಸ ಮಾತ್ರ ನಮ್ಮ ಮೇಲೆ ಬರುವುದು ಅಂತ ತಿಳಿಯುತ್ತೇವೆ. ಹಾಗಲ್ಲ. ಸರ್ಜನ್ ಫೀಸು, ಆಪರೇಷನ್ ಕೋಣೆಯ ಚಾರ್ಜು ಎಲ್ಲದರಲ್ಲೂ ಅರ್ಧ ಹೋಗುತ್ತದೆ! ಔಷಧಿ, ಒಳಗೆ ಕೂರಿಸುವ ಸ್ಟೆಂಟಿನಂಥವು ಈ ಕಡಿತದಿಂದ ಹೊರಗೆ. ಮಕ್ಕಳು ಬೆಂಗಳೂರಿಂದ ಓಡಿಬಂದು "ಅಪ್ಪಯ್ಯನಿಗೆ ಒಳ್ಳೆ ಕೋಣೆ ಕೊಡಿ" ಅನ್ನುವ ಮೊದಲು ಮಿತಿ ಎಷ್ಟೂಂತ ಅವರಿಗೂ ಹೇಳಿಡಿ.

ಹೋಲಿಸಿ ನೋಡಲು 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಒಳ್ಳೆ ಅಳತೆಗೋಲು. ಕಂಪೆನಿ ಯಾವುದಾದರೂ ಷರತ್ತು ಒಂದೇ. ನಮ್ಮ ಪಾಲು ಶೇಕಡಾ 5. ಕೋಣೆಗೆ ಮೊತ್ತದ ಶೇಕಡಾ 2, ದಿನಕ್ಕೆ 5,000 ಮೀರದಂತೆ. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40 ಸಾವಿರ. ಏಜೆಂಟ್ ತಂದದ್ದು ಇದಕ್ಕಿಂತ ಕಡೆಯಾಗಿದ್ದರೆ ಯಾಕೆ ಅಂತ ಕೇಳಿ.

ಪ್ರೀಮಿಯಂ ಭಾರ ಸ್ವಲ್ಪ ಇಳಿದಿದೆ. ಸ್ವಂತಕ್ಕೆ ಮಾಡಿಸುವ ಪಾಲಿಸಿಗಳ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಪಾಲಿಸಿಯ ಸಾರಾಂಶದ ಹಾಳೆಯನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. 2024ರ ಜನವರಿಯಿಂದ, ಕೇಳಿದವರಿಗೆ ಸ್ಥಳೀಯ ಭಾಷೆಯಲ್ಲಿ ಅದನ್ನು ಕೊಡಲೇಬೇಕು. ಓದಿ ಒಪ್ಪಿಗೆಯಾಗದಿದ್ದರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸು ಮಾಡಬಹುದು.